ಸರೋವರದ ನಡುವೆ ಕುದಿದ ಸ್ಕೂಟರ್

ಅಕ್ಕನ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಸಿಪ್ಪೆ ಸುಲಿದ ಬೇಯಿಸಿದ ಕಡಲೆಯ ಹಾಗೆ. ಬಲಗೈ ಎಂದು ಬರೆದೆ, ಎಡಗೈಯೂ ಇರಬಹುದು. ಚಳಿಗೆ ಸತ್ತದ್ದು ಎಂದು ಒಮ್ಮೆ, ರಾಣೆಬೆನ್ನೂರಿನ ಮನೆಯ ಬಾಗಿಲ ಸಂದಿಗೆ ಸಿಕ್ಕಿದ್ದು ಎಂದು ಇನ್ನೊಮ್ಮೆ ಅವರೇ ಹೇಳಿದ್ದರು. ಎರಡನ್ನೂ ಇಟ್ಟುಕೊಂಡಿದ್ದೇನೆ. ಒಂದನ್ನು ಆರಿಸಿಕೊಂಡರೆ ಚಿತ್ರ ಚೆನ್ನಾಗಿ ಬರುತ್ತದೆ, ಅಷ್ಟೆ. ಚೆನ್ನಾಗಿ ಬಂದ ನೆನಪುಗಳಿಂದ ನನಗೆ ಒಳ್ಳೆಯದಾಗಿಲ್ಲ.

ಅವರು ನನ್ನ ಒಡಹುಟ್ಟಿದವರಲ್ಲ. ಸ್ವೀಡನ್ನಿನ ರಾಜಧಾನಿಯ ಅಂಚಿನ ಐಟಿ ಬಡಾವಣೆ ಕಿಸ್ಟಾದ ಕನ್ನಡದವರಿಗೆಲ್ಲ ಒಂದು ಕಾಲಕ್ಕೆ ಅಕ್ಕ ಆಗಿದ್ದವರು. ಗಂಡನ ಕೆಲಸದ ಬೆನ್ನು ಹತ್ತಿ ಬಂದು, ಗಂಡನಿಂದ ಬೇರೆಯಾದ ಮೇಲೆ ಊರಿಗೆ ಮರಳದೆ, ಸ್ವೀಡಿಷ್ ಕಲಿತು, ಮುದುಕರ ಆರೈಕೆಯ ಕೋರ್ಸು ಮುಗಿಸಿ ಉತ್ತರಕ್ಕೆ ಹೊರಟುಹೋದರು. ರೈಲಿಳಿದು ಎರಡು ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ಸಣ್ಣ ಊರು. ಅಲ್ಲಿಯ ಕೊಮ್ಯೂನ್, ಎಂದರೆ ಪುರಸಭೆ, ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಕೊಟ್ಟಿತ್ತು. ಕಿಸ್ಟಾದಲ್ಲಿ ಫೀಕಾ ಎಂಬ ಕಾಫಿ ಬಿಡುವಿನಲ್ಲಿ ಲೋಟ ಹಿಡಿದು ನಿಂತಾಗ ಯಾರಾದರೂ, “ಅಕ್ಕಾನಾ? ಕರಡಿಗಳಿಗೆ ಉಪ್ಪಿಟ್ಟು ಮಾಡ್ಕೊಡೋಕೆ ಹೋಗಿದಾರೆ” ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ.

ಮುಂದೆ ನನ್ನ ಕಂಪನಿಯೇ ನನ್ನನ್ನು ಒಂದು ಚಳಿಗಾಲದ ಮಟ್ಟಿಗೆ ಆ ಕಡೆಯ ಮೊಬೈಲ್ ಟವರ್‌ಗಳ ಪರೀಕ್ಷೆಗೆ ಕಳಿಸಿತು. ಅಕ್ಕನ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಕಿಸ್ಟಾದಲ್ಲಿ ನಮ್ಮೆಲ್ಲರ ಹಾಗೆ ಬೆಂಗಳೂರು ಕನ್ನಡ ಆಡುತ್ತಿದ್ದವರು ಅಲ್ಲಿ, ಕೇಳುವವರೇ ಇಲ್ಲದ ಕಡೆ, ತಮ್ಮ ಮಾತಿಗೆ ಮರಳಿದ್ದರು. “ಯಾರ ಸಲುವಾಗಿ ತಿದ್ದಿಕೊಳ್ಳೋದೈತಿ ಇಲ್ಲಿ? ನಾಕು ಮಂದಿ ಮುದುಕರು, ಒಂದು ಸ್ಕೂಟರ್.”

ಹಿಮದ ಮೇಲೆ ಓಡುವ ಗಾಡಿಯನ್ನು ಇಲ್ಲಿನವರು ಸ್ಕೂಟರ್ ಎಂದೇ ಕರೆಯುತ್ತಾರೆ. ಮುಂದೆ ಎರಡು ಜಾರುಹಲಗೆ, ಹಿಂದೆ ಮಿಲಿಟರಿ ಟ್ಯಾಂಕಿಗಿರುವಂಥ ಸುತ್ತುವ ಪಟ್ಟೆ, ರಬ್ಬರಿನದು. ಅಕ್ಕ ಕೊಂಡದ್ದು ಬಳಸಿದ ಗಾಡಿ. ಕೊಮ್ಯೂನ್‌ನ ಗಾಡಿ ಪಾಳಿಯಲ್ಲಿದ್ದವರಿಗೆ ಮಾತ್ರ. ಪಾಳಿ ಇಲ್ಲದ ದಿನವೂ ಮುದುಕರ ಮನೆಗೆ ಹೋಗಬೇಕಿತ್ತು ಇವರಿಗೆ. ನಾಲ್ಕು ಭಾನುವಾರ ಶೆಡ್ಡಿನಲ್ಲಿ ಕೂತು ಇಬ್ಬರೂ ಅದನ್ನು ತಯಾರು ಮಾಡಿದೆವು. ಹಳೆಯ ಕೂಲೆಂಟ್, ಎಂದರೆ ಇಂಜಿನ್ ತಣಿಸುವ ದ್ರವ, ಚೆಲ್ಲಿ ಹೊಸದು ತುಂಬಿದೆವು. ಗಾಡಿಯ ಮೂತಿಯನ್ನು ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿ ಕೊಳವೆಯೊಳಗೆ ಸಿಕ್ಕಿದ್ದ ಗಾಳಿಯನ್ನು ಹೊರಬಿಟ್ಟೆವು. ಪಟ್ಟೆ ಜಾರುವ ಪ್ಲಾಸ್ಟಿಕ್ ಪಟ್ಟಿಗಳು ಸವೆದು ಕರಗಿದ್ದವು, ಅವನ್ನು ಬದಲಿಸಿದೆವು. ‘ದೆವು’ ಅನ್ನುವುದು ಹೆಚ್ಚಾಯಿತು. ನಾನು ಟಾರ್ಚ್ ಹಿಡಿದಿದ್ದೆ.

ಮೊದಲ ಸಲ ಸ್ಟಾರ್ಟ್ ಆದಾಗ ಐದು ನಿಮಿಷ ನಿಂತಲ್ಲೇ ಓಡಲಿ ಅಂದೆ. “ಬೆಂಗಳೂರಲ್ಲೇ ಡಿಸೆಂಬರ್ ಬಂದ್ರೆ ಗಾಡಿ ಬಿಸಿ ಮಾಡ್ತೀವಿ ಅಕ್ಕ. ಇಲ್ಲಿ ಮೈನಸ್ ಹದಿನೆಂಟು.”

ಅಕ್ಕ ಕೈ ಚಾಚಿ ಆಫ್ ಮಾಡಿದರು.

“ಇದಕ್ಕ ಕಾರಿನಂಗ ಮುಂದ ರೇಡಿಯೇಟರ್ ಐತೇನು? ಪಟ್ಟೆ ತಿರಗಬೇಕು, ಹಿಮ ಹಾರಬೇಕು, ಹಾರಿ ಈ ತಗಡಿಗೆ ಬಡೀಬೇಕು. ಅವಾಗ ಒಳಗಿನ ನೀರು ತಣ್ಣಗಾಗತೈತಿ. ನಿಂತಲ್ಲೇ ಓಡಿಸಿದ್ರ ಹಿಮ ಎಲ್ಲಿಂದ ಹಾರಬೇಕು, ನಿಮ್ಮ ಜಯನಗರದಿಂದ?”

ಸುತ್ತ ಎಷ್ಟೇ ಚಳಿಯಿದ್ದರೂ ಹಿಮ ತಾಗದಿದ್ದರೆ ಒಳಗೆ ಕುದಿಯುತ್ತದೆ. ಇದು ನನ್ನ ತಲೆಗೆ ಹೋಗಲು ಬಹಳ ದಿನ ಬೇಕಾಯಿತು. ಪ್ರತಿ ಸವಾರಿಯ ಬಳಿಕ ಗಾಡಿಗೆ ಮೆತ್ತಿದ ಹಿಮವನ್ನು ನಾನು ಪೊರಕೆಯಿಂದ ಗುಡಿಸಿ ತೆಗೆಯುತ್ತಿದ್ದೆ, ಆಯುಧಪೂಜೆಗೆ ತೊಳೆದಿಟ್ಟ ಹಾಗೆ ಕಾಣಲಿ ಎಂದು. “ಅದನ್ಯಾಕ ಗುಡಸ್ತಿ? ಅದ ಅದರ ಔಷಧ” ಎಂದು ಬೈದರು. ದಾರಿಯಲ್ಲಿ ನಿಂತಾಗಲೆಲ್ಲ ಗವಸು ಬಿಚ್ಚಿ ಬರಿಗೈಯಿಂದ ಸೀಟಿನ ಕೆಳಗಿನ ತಗಡನ್ನು ಮುಟ್ಟಿ ನೋಡುತ್ತಿದ್ದರು. ಮುದುಕರ ಹಣೆಯನ್ನೂ ಹಾಗೆಯೇ. ಥರ್ಮಾಮೀಟರ್ ಚೀಲದಲ್ಲೇ ಇರುತ್ತಿತ್ತು.

ಕಡ್ಡಿಗಳ ವಿಷಯಕ್ಕೆ ಬರಬೇಕು. ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಟ್ಟಿ ದಾರಿಯಲ್ಲಿ ಹಿಮ ಹಾರುವುದಿಲ್ಲ. ಅದಕ್ಕೆ ಗಾಡಿಯ ಎರಡೂ ಬದಿಗೆ ಸ್ಪ್ರಿಂಗಿನಂಥ ಉಕ್ಕಿನ ಕಡ್ಡಿ ಕಟ್ಟುತ್ತಾರೆ. ಅವು ನೆಲ ಗೀರುತ್ತ ಮಂಜಿನ ಪುಡಿ ಎಬ್ಬಿಸುತ್ತವೆ, ಆ ಪುಡಿ ತಗಡನ್ನು ತಣಿಸುತ್ತದೆ. ಆದರೆ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಕಡ್ಡಿ ಕೆಳಗಿದ್ದರೆ ಮುರಿಯುತ್ತವೆ. ಹೊಸದಾಗಿ ಕಟ್ಟಿದ ದಿನ ಅಕ್ಕ ಹೇಳಿದರು: “ಹಿಂದ ತಗೊಳ್ಳುವಾಗ ಎತ್ತಿ ಕೊಕ್ಕೆಗೆ ಸಿಗಸು.” ಈ ವಾಕ್ಯ ನನಗೆ ನೆನಪಿದೆ, ಕೂಲೆಂಟಿನ ಸಿಹಿ ವಾಸನೆಯ ಸಮೇತ. “ಹೊರಡುವಾಗ ಇಳಸು” ಎಂಬುದು ಅದರ ಹಿಂದೆಯೇ ಬಂದಿರಬೇಕು. ಈಗ ಅದೂ ಅವರ ದನಿಯಲ್ಲೇ ಕೇಳಿಸುತ್ತದೆ. ಆದರೆ ವರ್ಷಗಟ್ಟಲೆ ಕೇಳಿಸಿಕೊಂಡೇ ಇದ್ದೇನೆ. ಅಷ್ಟು ಸಲ ಕೇಳಿಸಿಕೊಂಡದ್ದು ಅವರು ಆಡಿದ್ದೋ ನಾನು ಆಡಿಸಿದ್ದೋ ಹೇಳಲಾರೆ.

ಸರೋವರದ ಆಚೆ ದಡದಲ್ಲಿ ಒಬ್ಬ ಮುದುಕ ಇದ್ದ. ಮರ ಕಡಿಯುವ ಕೆಲಸದಲ್ಲಿ ಆಯುಷ್ಯ ಕಳೆದವನು, ಒಂಟಿ. ಚಳಿಗಾಲದಲ್ಲಿ ಆ ಮನೆಗೆ ರಸ್ತೆ ಇಲ್ಲ, ಹೆಪ್ಪುಗಟ್ಟಿದ ಸರೋವರವೇ ದಾರಿ. ಆಸ್ಪತ್ರೆ ಬೇಡ ಎಂದು ಬರೆದುಕೊಟ್ಟಿದ್ದ. ಸಾಯುವವರ ಪಕ್ಕದಲ್ಲಿ ಯಾರಾದರೂ ಕೂತಿರಬೇಕು ಎಂಬ ಪದ್ಧತಿ ಇವರ ಕೆಲಸದಲ್ಲಿದೆ. ಅಕ್ಕ ಅದರ ಮೇಲೆ ತಾವಾಗಿ ಮಾತೂ ಕೊಟ್ಟಿದ್ದರು. ಆರು ವರ್ಷ ಅವನ ಗಡ್ಡ ಕತ್ತರಿಸಿದ್ದವರು. “ನಾ ಬರೂತನಕಾ ಹೋಗಬ್ಯಾಡ ಅಂದೀನಿ. ಹೂಂ ಅಂದಾನ” ಎಂದು ನನಗೆ ಹೇಳಿದ್ದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಪಾಳಿ ಇಲ್ಲದ ದಿನ, ಅಕ್ಕ ಅವನಿಗೆ ಫೋನ್ ಮಾಡಿದರು.

“ದನಿ ಬ್ಯಾರೆ ಆಗೇತಿ. ಇವತ್ತ ಅನ್ನಸ್ತೈತಿ ತಮ್ಮಾ.”

ಪಾಳಿಯವರ ಗಾಡಿ ಇನ್ನೊಂದು ದಿಕ್ಕಿಗೆ ಹೋಗಿತ್ತು. ಮಧ್ಯಾಹ್ನ ಮೂರರ ಮೊದಲು ಬರುವಂತಿರಲಿಲ್ಲ. ಹನ್ನೊಂದಕ್ಕೆ ನಾನೇ ಬರುತ್ತೇನೆ ಎಂದು ಅಕ್ಕ ಅವನಿಗೂ ಆಫೀಸಿಗೂ ಹೇಳಿದ್ದರು. ಅಕ್ಕನ ಮಣಿಕಟ್ಟು ಆ ವಾರ ಉಳುಕಿತ್ತು. ಓಡಿಸುವ ಪರವಾನಗಿ ನನಗೂ ಇತ್ತು. ಅವರು ಚೀಲ ಕಟ್ಟುವಷ್ಟರಲ್ಲಿ ನಾನು ಕಡ್ಡಿಗಳನ್ನು ಎತ್ತಿ ಸಿಗಿಸಿ, ಗಾಡಿಯನ್ನು ಶೆಡ್ಡಿನಿಂದ ಹಿಂದಕ್ಕೆ ತೆಗೆದೆ. ಅವರು ಹಿಂದೆ ಹತ್ತಿದರು. ಹೊರಟೆವು.

ಗಾಳಿ ಸರೋವರವನ್ನು ಗುಡಿಸಿಬಿಟ್ಟಿತ್ತು. ಎಲ್ಲೂ ಹಿಮವಿಲ್ಲ, ಬರೀ ಕಪ್ಪು ಮಂಜುಗಡ್ಡೆ. ಸರಾಗವಾಗಿ ಹೋಗುತ್ತಿದೆ ಎಂದು ನನಗೆ ಖುಷಿಯಾಗಿತ್ತು. ಆ ಖುಷಿಯ ಬಗ್ಗೆ ಮಾತ್ರ ಸಂಶಯವಿಲ್ಲ. ಅರ್ಧ ದಾರಿಯಲ್ಲಿ ಕೆಂಪು ದೀಪ ಹತ್ತಿತು.

“ನಿಲ್ಲಸು. ತಮ್ಮಾ, ನಿಲ್ಲಸಂತ.”

ಮುಚ್ಚಳದ ಸಂದಿಯಿಂದ ಹಬೆ ಬರುತ್ತಿತ್ತು. ಅಕ್ಕ ಗವಸು ಬಿಚ್ಚಿ ಕೆಳಗೆ ಕೈ ಹಾಕಿದರು. “ಒಣಗೇತಿ” ಅಂದರು. ಬಗ್ಗಿ ನೋಡಿದರು. ಎರಡೂ ಕಡ್ಡಿ ಕೊಕ್ಕೆಯಲ್ಲೇ ಇದ್ದವು. ನನ್ನ ಕಡೆ ನೋಡಿದರು. ಎಷ್ಟು ಹೊತ್ತು? ನೆನಪು ಅದನ್ನು ಉದ್ದ ಮಾಡಿದೆ. ಬಳಿಕ ಒಂದೊಂದಾಗಿ ಎರಡನ್ನೂ ಬಿಚ್ಚಿ ಕೆಳಗಿಳಿಸಿದರು. ಕೊಡಲಿಯಿಂದ ಮಂಜುಗಡ್ಡೆ ಒಡೆದು ಚೂರುಗಳನ್ನು ತಗಡಿನ ಮೇಲೆ ಪೇರಿಸಿದೆವು. ಇಲ್ಲಿ ‘ದೆವು’ ಸರಿ. ಅರ್ಧ ಗಂಟೆ ಕಾದು ಮತ್ತೆ ಹೊರಟರೆ, ಕೂಲೆಂಟ್ ಆಗಲೇ ಅರ್ಧ ಚೆಲ್ಲಿಹೋಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಒಮ್ಮೆ ಕಿರುಚಿ ಕಚ್ಚಿಕೊಂಡು ನಿಂತಿತು.

ಅಕ್ಕ ಮುದುಕನಿಗೆ ಫೋನ್ ಹಚ್ಚಿದರು. ಎತ್ತಲಿಲ್ಲ. ಆಫೀಸಿಗೆ ತಿಳಿಸಿ ಚೀಲ ಹೆಗಲಿಗೇರಿಸಿದರು.

“ನಾನೂ ಬರ್ತೀನಿ ಅಕ್ಕ.”

“ನಿನ್ನ ಬೂಟ್ ನೋಡೀಯೇನು? ಜಾರಿ ಬಿದ್ರ ನಿನ್ನೂ ಹೊರಬೇಕು ನಾ. ಇಲ್ಲೇ ಇರು. ಯಾರರ ಬಂದ್ರ ಕೈ ಮಾಡು.”

ಅವರ ಕಿತ್ತಳೆ ಜಾಕೆಟ್ಟು ಚಿಕ್ಕದಾಗುತ್ತ ಹೋಯಿತು. ಐದಾರು ಕಿಲೋಮೀಟರ್ ಬರಿಯ ಮಂಜುಗಡ್ಡೆ. ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದವರು ತಲುಪಿದಾಗ ಎರಡು ಗಂಟೆಯ ಹತ್ತಿರ. ಅವನು ಕುರ್ಚಿಯಲ್ಲೇ ಹೋಗಿದ್ದ. ಪಾಳಿಯವರು ಬರುವ ತನಕ ಅಕ್ಕ ಪಕ್ಕದಲ್ಲಿ ಕೂತಿದ್ದರು.

ಮೇಜಿನ ಮೇಲೆ ಎರಡು ಕಾಫಿ ಲೋಟ ಇದ್ದವು ಎಂದು ಅವನ ಸಾವನ್ನು ಹೇಳುವಾಗಲೆಲ್ಲ ಸೇರಿಸುತ್ತಿದ್ದೆ. ಅಕ್ಕ ಅದನ್ನು ಹೇಳಿರಲಿಲ್ಲ. ನಾನು ಇಟ್ಟ ಲೋಟಗಳು ಅವು, ಈಗ ತೆಗೆಯುತ್ತಿದ್ದೇನೆ. ಆ ಕುರ್ಚಿ ಕಿಟಕಿಯ ಕಡೆ ತಿರುಗಿತ್ತೇ ಎಂಬುದನ್ನು ನಾನು ಕೇಳಲೇ ಇಲ್ಲ. ತಿರುಗಿದ್ದರೆ ಸರೋವರದ ನಡುವೆ ನಿಂತುಹೋದ ಇಬ್ಬರು ಅವನಿಗೆ ಚುಕ್ಕೆಗಳಂತೆ ಕಂಡಿರಬಹುದು.

ವಾರದ ನಂತರ, ಮುದುಕ ಒಬ್ಬನೇ ಸತ್ತದ್ದು ಹೇಗೆ ಎಂಬ ವಿಚಾರಣೆಗೆ, ಅಕ್ಕನ ಮೇಲಧಿಕಾರಿ ನಮ್ಮಿಬ್ಬರನ್ನೂ ಕರೆದರು. ಮೃದು ಮಾತಿನ ಹೆಂಗಸು. ಕಾಫಿ ಕೊಟ್ಟರು, ದಾಲ್ಚಿನ್ನಿ ಬನ್ ಕೊಟ್ಟರು. ಈ ದೇಶದಲ್ಲಿ ಯಾರೂ ಗದರುವುದಿಲ್ಲ, ಬರೆದುಕೊಳ್ಳುತ್ತಾರೆ. ಅಕ್ಕ ತಾವಾಗಿಯೇ ಹೇಳಿದರು: ಗಾಡಿ ನನ್ನದು, ಕಡ್ಡಿ ಇಳಿಸಬೇಕೆಂದು ನಾನು ಈ ಹುಡುಗನಿಗೆ ಹೇಳಿರಲಿಲ್ಲ, ತಪ್ಪು ನನ್ನದು. ಅಧಿಕಾರಿ ನನ್ನ ಕಡೆ ತಿರುಗಿ, ಹೌದೇ, ಹೇಳಿರಲಿಲ್ಲವೇ ಎಂದು ಕೇಳಿದರು.

“ನೆನಪಿಲ್ಲ” ಅಂದೆ. ಸ್ವೀಡಿಷ್‌ನಲ್ಲಿ ನನಗೆ ಸಲೀಸಾಗಿ ಬರುತ್ತಿದ್ದ ಕೆಲವೇ ವಾಕ್ಯಗಳಲ್ಲಿ ಅದೊಂದು.

ಅಕ್ಕನನ್ನು ಮನೆಮನೆಯ ಸುತ್ತಿನಿಂದ ತೆಗೆದು ವೃದ್ಧರ ವಸತಿಯ ಒಳಗಿನ ಪಾಳಿಗೆ ಹಾಕಿದರು. ಶಿಕ್ಷೆ ಎಂದು ಯಾರೂ ಕರೆಯಲಿಲ್ಲ. ಆರು ವರ್ಷ ಬಾಗಿಲು ತಟ್ಟದೆ ಒಳಗೆ ಹೋಗುತ್ತಿದ್ದ ಮನೆಗಳಿಗೆ ಆಮೇಲೆ ಬೇರೆಯವರು ಹೋದರು. ಆವತ್ತು ಮನೆಗೆ ನಡೆಯುವಾಗ ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. “ರಾತ್ರಿಗೆ ಏನ್ ಮಾಡೂಣು? ಝುಣಕ ಮಾಡ್ಲಿ?” ಅಂದರು.

ಮೇ ತಿಂಗಳಲ್ಲಿ ನಾನು ಕಿಸ್ಟಾಕ್ಕೆ ಮರಳಿದೆ. ಕೆಲವು ಪಾರ್ಟಿಗಳಲ್ಲಿ ಈ ಕಥೆ ಹೇಳಿದ್ದೇನೆ. “ಮೈನಸ್ ಹದಿನೈದರಲ್ಲಿ ಇಂಜಿನ್ ಕುದೀತು ಅಂದ್ರೆ ನಂಬ್ತೀರಾ?” ಎಂದು ಶುರುಮಾಡಿದರೆ ಜನ ನಗುತ್ತಿದ್ದರು. ನಗಬೇಕಾದ ಕಡೆ ಮುದುಕನನ್ನು ಬಿಟ್ಟುಬಿಡುತ್ತಿದ್ದೆ.

ಮೂರು ವರ್ಷದ ಮೇಲೆ ಅಕ್ಕ ಆಸ್ಪತ್ರೆಯಲ್ಲಿದ್ದಾರೆ, ಗುಣವಾಗುವ ಕಾಯಿಲೆಯಲ್ಲ ಎಂದು ತಿಳಿಯಿತು. ಫೋನ್ ಮಾಡಿದೆ. ಏನೇನೋ ಮಾತಾಡಿ ಕೊನೆಗೆ ಕೇಳಿದೆ: “ಅಕ್ಕ, ಆವತ್ತು ಶೆಡ್ಡಲ್ಲಿ ನೀವು ಹೇಳಿದ್ರಾ, ಇಳಿಸು ಅಂತ?”

ಉಸಿರು ಎಳೆದುಕೊಳ್ಳುವುದು ಕೇಳಿಸಿತು.

“ಹೇಳಿದ್ದೆ ಅಂದ್ರ ಏನ್ ಮಾಡ್ತಿ? ಹೇಳಿರ್ಲಿಲ್ಲ ಅಂದ್ರ ಏನ್ ಮಾಡ್ತಿ? ಆತ ಒಬ್ಬಾವನ ಹೋದ ತಮ್ಮಾ.”

ಹದಿನೈದು ದಿನಕ್ಕೆ ಅಕ್ಕ ಹೋದರು. ಕೆಲಸದ ಗೆಳತಿಯೊಬ್ಬಳು ಪಕ್ಕದಲ್ಲಿದ್ದಳಂತೆ, ನಾನಿರಲಿಲ್ಲ. ಅಂತ್ಯಕ್ರಿಯೆ ಮುಗಿದು ಎಲ್ಲರೂ ಕಾಫಿಗೆ ಕೂತಾಗ ಅದೇ ಮೇಲಧಿಕಾರಿ ಕಂಡರು. ಅವರ ಎದುರು ನಿಂತು ಹೇಳಿದೆ: ಅಕ್ಕ ನನಗೆ ಹೇಳಿದ್ದರು. ನಾನು ಮರೆತೆ.

“ಈಗ ನೆನಪಾಯಿತೇ?” ಎಂದು ಮೆಲ್ಲಗೆ ಕೇಳಿದರು. ಹೌದು ಅಂದೆ. ಅದು ನೆನಪಲ್ಲ, ನಾನು ಮಾಡಿದ ತೀರ್ಮಾನ. ನಿಜವೋ ಅಲ್ಲವೋ ಇವತ್ತಿಗೂ ತಿಳಿಯದು. ಬರೆದುಕೊಡಿ, ಕಡತಕ್ಕೆ ಸೇರಿಸುತ್ತೇನೆ ಅಂದರು. ಅಲ್ಲೇ ಬರೆದುಕೊಟ್ಟೆ.

ಕಡತದಲ್ಲಿ ಈಗ ಎರಡು ಹೇಳಿಕೆಗಳಿವೆ. ತಪ್ಪು ತಮ್ಮದು ಎನ್ನುತ್ತದೆ ಅವರದು, ತಪ್ಪು ನನ್ನದು ಎನ್ನುತ್ತದೆ ನನ್ನದು. ಮುದುಕನ ಪಕ್ಕದಲ್ಲಿ ಯಾರೂ ಇರಲಿಲ್ಲ ಎಂಬುದು ಎರಡರಲ್ಲೂ ಇದೆ.