ಉಮ್ಮ ಕತ್ತರಿಸಲು ಬಿಡದ ಕಂಬಿಗಳು

ಅಣ್ಣ ಗಲ್ಫಿನಿಂದ ಬರುವ ಹಿಂದಿನ ದಿನ ಪಾಣೆಮಂಗಳೂರಿನ ನಮ್ಮ ಮನೆಯ ಬಾಗಿಲಿಗೆ ಏಣಿ ಒರಗಿ ನಿಂತಿತ್ತು. ಏಣಿಯ ಮೇಲೆ ಬೆಳುವಾಯಿಯ ಮೇಸ್ತ್ರಿ, ಕೆಳಗೆ ಕುರ್ಚಿಯಲ್ಲಿ ನಮ್ಮ ತಾಯಿ, ಉಮ್ಮ. ನಾನು ಗುರುವಾಯನಕೆರೆಯ ಗಂಡನ ಮನೆಯಿಂದ ಬಂದು ಎರಡು ದಿನವಾಗಿತ್ತು. ಪೈಂಟಿನ ವಾಸನೆಗೆ ಉಮ್ಮನಿಗೆ ಒಂದೇ ಸಮನೆ ಸೀನು. ಆದರೂ ಅಲ್ಲಿಂದ ಏಳಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ತಂದೆ, ಉಪ್ಪ, ಈ ತಾರಸಿ ಮನೆ ಕಟ್ಟಿಸಿದಾಗಲೂ ಇದೇ ಮೇಸ್ತ್ರಿ. ಮೇಲಿನ ಅಂತಸ್ತು ಅಣ್ಣನದು ಎಂದು ಕಂಬಗಳ ಕಂಬಿಗಳನ್ನು ತಾರಸಿಯ ಮೇಲೆ ಮೊಳದುದ್ದ ಬಿಟ್ಟಿದ್ದರು. ಅವಕ್ಕೆ ಸಿಮೆಂಟ್ ಹಾಲು ಬಳಿದು ತೆಳು ಕಾಂಕ್ರೀಟಿನಲ್ಲಿ ಮುಚ್ಚಿಡುವ ಎಂದು ಮೇಸ್ತ್ರಿ ಆಗಲೇ ಹೇಳಿದ್ದರು. ಉಮ್ಮ ಒಪ್ಪಲಿಲ್ಲ. ನಮ್ಮ ಕಡೆ ತಾರಸಿಯಲ್ಲಿ ಕಂಬಿ ನಿಂತಿದ್ದರೆ ಆ ಮನೆಯ ಮಗ ಹೊರದೇಶದಲ್ಲಿದ್ದಾನೆ, ಬಂದು ಕಟ್ಟುತ್ತಾನೆ ಎಂದು ಅರ್ಥ. ಮುಚ್ಚುವುದು, ಕತ್ತರಿಸುವುದು ಅಂದರೆ ಅವನು ಬರುವುದಿಲ್ಲ ಎಂದು ಊರಿಗೆ ಸಾರಿದ ಹಾಗೆ. ಉಪ್ಪ ತೀರಿಕೊಂಡರು. ಮನೆ ಕಟ್ಟಿ ಹನ್ನೆರಡು ಮಳೆಗಾಲ ಕಳೆಯಿತು. ಕಂಬಿಯಿಂದ ಇಳಿದ ನೀರು ಗೋಡೆಯ ಮೇಲೆ ಚಹಾ ಚೆಲ್ಲಿದಂತೆ ಕಲೆ ಮಾಡಿತು. ಅದೇ ನೀರು ಒಳಗಿಳಿದು, ಬಾಗಿಲಿನ ಮೇಲೆ ಚಾಚಿದ್ದ ಕಾಂಕ್ರೀಟಿನ ಸನ್‌ಶೇಡಿನ ಬುಡದಲ್ಲಿ ಬಿರುಕು ಬಿಟ್ಟಿತು.

ಅಂದು ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಆ ಬಿರುಕಿನ ಹತ್ತಿರ ಬಡಿದರು.

"ಕೇಳ್ತದಾ? ಒಳಗೆ ಪೊಳ್ಳು. ಕಂಬಿ ತುಕ್ಕು ಹಿಡಿದು ಉಬ್ಬಿದೆ, ಅದೇ ಕಾಂಕ್ರೀಟನ್ನು ಒಡೆಯುವುದು. ಇದನ್ನು ಕೆಡವಿ ಹೊಸತು ಹಾಕ್ಬೇಕು."

"ನಾಳೆ ಮಗ ಬರ್ತಾನೆ ಮಾರಾಯ, ನೀನು ಇವತ್ತು ಬಾಗಿಲನ್ನೇ ಕೆಡವ್ತೇನೆ ಅಂತಿಯಲ್ಲ!" ಎಂದಳು ಉಮ್ಮ.

"ನಿಮ್ಮ ಮಗ ಬರ್ತಾನೆ, ಬರ್ತಾನೆ ಅಂತ ಕೇಳಿಯೇ ನನ್ನ ಹಲ್ಲೆಲ್ಲ ಉದುರಿತು."

"ಅದು ಉದುರಿದ್ದು ನಿನ್ನ ಬೀಡಿಯಿಂದ. ನನ್ನ ಮಗನ ಮೇಲೆ ಹಾಕ್ಬೇಡ."

ಮೇಸ್ತ್ರಿ ನಗಲಿಲ್ಲ. ನನ್ನ ಕಡೆ ತಿರುಗಿ, "ನೀವಾದರೂ ಹೇಳಿ ತಂಗಿ" ಎಂದರು.

ನಾನು ಹೇಳಿದೆ: "ಈಗ ತೇಪೆ ಹಾಕಿ ಬಣ್ಣ ಹೊಡೀರಿ. ಕೆಡವುವುದನ್ನು ಮತ್ತೆ ನೋಡುವ."

ಹಸಿ ಗಾರೆಗೆ ಬಣ್ಣ ಹೊಡೆಯುವುದು ಎಲ್ಲಿಯಾದರೂ ಉಂಟಾ ಎಂದು ಗೊಣಗುತ್ತ ಅವರು ಹೊಡೆದರು. ಸಂಜೆಗೆ ಬಿರುಕು ಕಾಣಲಿಲ್ಲ. ನನಗೆ ಖುಷಿಯಾಯಿತು.

ಮರುದಿನ ಬೆಳಗಿನ ನಮಾಜು ಮುಗಿಸಿ ಉಮ್ಮ ರಸ್ತೆ ಕಾಣುವ ಹಾಗೆ ಕುರ್ಚಿಯನ್ನು ಸನ್‌ಶೇಡಿನ ಕೆಳಗೆ ಹಾಕಿಕೊಂಡಳು. ನಾನು ಅಡುಗೆಮನೆಯಲ್ಲಿ ಗ್ರೈಂಡರಿಗೆ ಮಸಾಲೆ ಹಾಕಿದ್ದೆ. ಹೊರಗೆ ಏನೋ ಬಿದ್ದ ಸದ್ದು. ಪಕ್ಕದ ಮನೆಗೆ ಲಾರಿಯಲ್ಲಿ ಕೆಂಪುಕಲ್ಲು ಬಂದಿರಬೇಕು ಎಂದುಕೊಂಡೆ. ಮಸಾಲೆ ಪೂರ್ತಿ ಅರೆದು, ಬಳಿದು ತೆಗೆದು, ಕೈ ತೊಳೆದು ಹೊರಗೆ ಬಂದೆ.

ಸನ್‌ಶೇಡ್ ಬುಡದಿಂದಲೇ ಕಳಚಿ ಬಿದ್ದಿತ್ತು. ಅದರ ಕೆಳಗೆ ಉಮ್ಮ. ಅದನ್ನು ಹಿಡಿದುಕೊಳ್ಳಬೇಕಾಗಿದ್ದ ಕಂಬಿಗಳು ಗೋಡೆಯಲ್ಲಿ ಕಾಣುತ್ತಿದ್ದವು. ಪೆನ್ಸಿಲಿನಷ್ಟು ದಪ್ಪ ಇದ್ದಂಥವು ತುಕ್ಕು ತಿಂದು ಸೂಜಿಯಂತಾಗಿದ್ದವು.

ಅಣ್ಣ ಮಧ್ಯಾಹ್ನ ಬಂದ. ಸಂಜೆಯ ಅಸರ್ ನಮಾಜಿನ ನಂತರ ದಫನವಾಯಿತು. ಸಾವಿನ ಮನೆಗೆ ಬಂದ ಹೆಂಗಸರಲ್ಲಿ ಒಬ್ಬಳು ನನಗೆ ಕೇಳುವ ಹಾಗೆಯೇ ಹೇಳಿದಳು: "ಪೈಂಟ್ ಮಾತ್ರ ಚೆಂದ ಬಂದಿದೆ."

ಮೂರನೆಯ ದಿನ ಅಣ್ಣ ಕೇಳಿದ, "ತೇಪೆ ಹಾಕಿಸಿದ್ದು ಯಾರು?"

"ನಾನು."

"ಕೊಂದದ್ದು ನೀನು" ಎಂದ. ದನಿ ಏರಿಸಲೂ ಇಲ್ಲ.

ಆಮೇಲೆ, ಅಣ್ಣನ ಜೊತೆ ಬಂದಿದ್ದ ಅತ್ತಿಗೆ ಪಾತ್ರೆ ಒರೆಸುತ್ತ ಮಾತಿನ ನಡುವೆ ಅಂದಳು: "ಮೇಲೆ ಕಟ್ಟುವುದು ಇನ್ನು ಎಂತಕ್ಕೆ? ನಮಗೆ ಮಂಗಳೂರಲ್ಲಿ ಫ್ಲ್ಯಾಟ್ ಆಗಿ ಎರಡು ವರ್ಷ ಆಯ್ತಲ್ಲ. ಉಮ್ಮನಿಗೆ ಅದನ್ನು ಹೇಳಲಿಕ್ಕೇ ಇವರು ಈ ಸಲ ಬಂದದ್ದು."

ಎರಡು ವರ್ಷ. ಆ ಎರಡು ವರ್ಷವೂ ಉಮ್ಮ ಬಟ್ಟೆ ಒಣಗಿಸಲು ತಾರಸಿ ಹತ್ತಿದಾಗಲೆಲ್ಲ ಆ ಕಂಬಿಗಳನ್ನು ಮುಟ್ಟಿ ನೋಡಿ ಇಳಿಯುತ್ತಿದ್ದಳು. ಅದನ್ನು ಅಣ್ಣನ ಮುಖಕ್ಕೇ ಹೇಳಬಹುದಿತ್ತು. ಹೇಳಿದ್ದರೂ ತೇಪೆ ನನ್ನದೇ.

ಹತ್ತನೆಯ ದಿನ ಅವನೇ ಗರಗಸ ಹಿಡಿದು ತಾರಸಿಗೆ ಹೋದ. ಎರಡು ಮೂರು ಕಂಬಿಗೆ ಗರಗಸವೇ ಬೇಕಾಗಲಿಲ್ಲ, ಕೈಯಲ್ಲೇ ಮುರಿದವು.

ಹೊಸ ಸನ್‌ಶೇಡನ್ನು ಅದೇ ಮೇಸ್ತ್ರಿ ಹಾಕಿದರು. ನನ್ನ ಮುಖ ನೋಡದೆ, "ಈ ಸಿಮೆಂಟಿಗೆ ಕಲ್ಲಿದ್ದಲಿನ ಬೂದಿ ಸೇರಿಸಿರ್ತಾರೆ. ನಿಧಾನಕ್ಕೆ ಗಟ್ಟಿಯಾಗುವುದು. ಚೆನ್ನಾಗಿ ನೀರು ಕುಡಿದರೆ ಕಂಬಿಯವರೆಗೆ ಏನನ್ನೂ ಬಿಡುವುದಿಲ್ಲ. ಮೂರು ವಾರ ಒಣಗಲಿಕ್ಕೆ ಬಿಡ್ಬೇಡಿ" ಎಂದರು. ಗಂಡನ ಮನೆಗೆ ಹೋಗದೆ ಮೂರು ವಾರ ನಿಂತೆ. ಗೋಣಿ ಹೊದೆಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೊಡದಲ್ಲಿ ನೀರು ಹಾಕಿದೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಅದರಲ್ಲಿ ಇಂದಿಗೂ ಕೂದಲೆಳೆಯಷ್ಟು ಬಿರುಕಿಲ್ಲ.

ಅಣ್ಣ ಆಮೇಲೆ ಎರಡು ಸಲ ಊರಿಗೆ ಬಂದ. ಹೊರಡುವಾಗ ನನ್ನ ಗಂಡನಿಗೆ, ಮಕ್ಕಳಿಗೆ, ಪಕ್ಕದ ಮನೆಯವರಿಗೆ ಸಲಾಂ ಹೇಳುತ್ತಾನೆ. ನನಗೆ ಇನ್ನೂ ಹೇಳಿಲ್ಲ.