ನಾನು ಕಾಲಿಡದ ನನ್ನ ಬಾರು

ನಮ್ಮ ಮನೆಯಲ್ಲಿ ಕಳ್ಳು, ಸಾರಾಯಿ, ಬ್ರಾಂದಿ ಯಾವುದರ ರುಚಿಯೂ ಗೊತ್ತಿಲ್ಲದವಳು ನಾನೊಬ್ಬಳೇ. ಅದೇ ಕಾರಣಕ್ಕೆ ಬ್ರಾಂದಿ ಮಾರುವ ಲೈಸೆನ್ಸು ನನ್ನ ಹೆಸರಿಗೆ ಬಂತು.

ಸೇಲಂ ಕಡೆಯಿಂದ ಬರುವಾಗ ತೊಪ್ಪೂರು ಘಾಟಿನ ಏರು ಶುರುವಾಗುವ ಮುಂಚೆ ರಸ್ತೆಯ ಪಕ್ಕದಲ್ಲಿ ನಮ್ಮ ಹೋಟೆಲಿತ್ತು. ಹೋಟೆಲು ಅಂದರೆ ಹೆಂಚಿನ ಮನೆ, ಮುಂದಿನ ಹಾಲಿನಲ್ಲಿ ಉದ್ದನೆಯ ಬೆಂಚುಗಳು, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಬಾವಿ. ನನ್ನ ಗಂಡನ ಮನೆಯವರು ಕುರಿ ಸಾಕುವವರು. ಕುರಿಯನ್ನು ಸಂತೆಯಲ್ಲಿ ಮಾರುವ ಬದಲು ಸಾರು ಮಾಡಿ ಮಾರಿದರೇನು ಎಂದು ನನ್ನ ಗಂಡನಿಗೆ ಹೊಳೆದದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ. ಲಾರಿಗಳು ಏರು ಹತ್ತುವ ಮೊದಲು ನಮ್ಮಲ್ಲಿ ನಿಲ್ಲುತ್ತಿದ್ದವು. ಡ್ರೈವರುಗಳು ಇಳಿದು, ಮುದ್ದೆ ಕುರಿಸಾರು ಉಂಡು, ಬೀಡಿ ಹಚ್ಚಿಕೊಂಡು ಹೋಗುತ್ತಿದ್ದರು. ಸಾರು ಮಾಡುತ್ತಿದ್ದವಳು ನಾನು. ಇಷ್ಟೊಂದು ಲಾರಿ ನಿಲ್ಲುವುದು ನನ್ನ ಕೈಗುಣಕ್ಕೇ ಎಂದು ನಂಬಿದ್ದೆ. ಸುಮ್ಮನೆ ನಂಬಿಕೊಂಡಿದ್ದರೆ ಪರವಾಗಿರಲಿಲ್ಲ, ಬಂದ ನೆಂಟರಿಗೆಲ್ಲ ಹೇಳುತ್ತಲೂ ಇದ್ದೆ.

ಎಪ್ಪತ್ತರ ದಶಕದ ಮೊದಲಲ್ಲಿ ಸರ್ಕಾರ ಮದ್ಯನಿಷೇಧವನ್ನು ಸಡಿಲಿಸಿತು. ಅಲ್ಲಲ್ಲಿ ಕಳ್ಳಿನಂಗಡಿ, ಸಾರಾಯಿ ಅಂಗಡಿ ಬಂದವು. ಆದರೆ ಹೋಟೆಲಿನಲ್ಲಿ ಕೂರಿಸಿ ಬ್ರಾಂದಿ ಕೊಡಬೇಕಾದರೆ ಬೇರೆ ಲೈಸೆನ್ಸು ಬೇಕು, ಅದನ್ನು ಸಿಕ್ಕಸಿಕ್ಕವರಿಗೆ ಕೊಡುವುದಿಲ್ಲ, ನಮ್ಮ ಕಡೆಯ ರಸ್ತೆಗೆಲ್ಲ ಒಂದೇ ಕೊಡುತ್ತಾರೆ ಎಂಬ ಸುದ್ದಿ ಹಬ್ಬಿತು. ಒಂದೇ ಎಂದ ಮೇಲೆ ಅದು ನಮಗೇ ಬರಬೇಕೆಂದು ನನ್ನ ಗಂಡ ಹಟ ಹಿಡಿದ.

ತೊಡಕು ಅವನದೇ ಆಗಿತ್ತು. ನಿಷೇಧದ ಕಾಲದಲ್ಲಿ ಅವನು ಒಂದು ತಾಳೆಮರದ ತೋಪಿನಲ್ಲಿ ಕಳ್ಳು ಕುಡಿಯುತ್ತ ಸಿಕ್ಕಿಬಿದ್ದಿದ್ದ. ಪೊಲೀಸರು ಬರುವುದನ್ನು ಕಂಡು ಮರದ ಹಿಂದೆ ಅವಿತುಕೊಂಡನಂತೆ. ಆದರೆ ನಮ್ಮ ಕುರಿಮಂದೆಯ ನಾಯಿ ಅದೇ ಮರದ ಬುಡದಲ್ಲಿ ಬಾಲ ಅಲ್ಲಾಡಿಸುತ್ತ ನಿಂತುಬಿಟ್ಟಿತಂತೆ. ಕೋರ್ಟಿನಲ್ಲಿ ದಂಡ ಕಟ್ಟಿ ಬಂದಿದ್ದ. ಅಂಥ ಕೇಸಾದವರಿಗೆ ಲೈಸೆನ್ಸಿಲ್ಲ ಎಂದು ತಾಲ್ಲೂಕು ಆಫೀಸಿನವರು ಮೊದಲೇ ಹೇಳಿ ಕಳಿಸಿದರು.

ಮನೆಗೆ ಬಂದು ಅವನು ಜಗುಲಿಯ ಮೇಲೆ ಕೂತು ನನ್ನನ್ನೇ ನೋಡತೊಡಗಿದ. ಮದುವೆಯಾದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ.

"ಅರ್ಜಿ ನಿನ್ ಯೆಸ್ರಲ್ಲಿ ಆಕಣಾ," ಎಂದ.

"ನಂಗೆ ಅದ್ರ ವಾಸ್ನೆನೇ ಆಗಾಕಿಲ್ಲ, ಮಾವ," ಎಂದೆ. ಅವನು ನನಗೆ ಸೋದರಮಾವನ ಮಗ. ಮದುವೆಯಾದ ಮೇಲೂ ಹಾಗೆಯೇ ಕರೆಯುತ್ತಿದ್ದೆ.

"ಯಾರು ಕುಡಿ ಅಂದ್ರು? ಸೈನ್ ಮಾಡು ಸಾಕು. ನೀನು ಅಂಜಾಂ ಕ್ಲಾಸ್ ಓದಿದೀಯಲ್ಲ."

ಅದು ನನ್ನನ್ನು ಬೀಳಿಸುವ ಮಾತು. ತಮಿಳು ಇಸ್ಕೂಲಿನಲ್ಲಿ ಐದನೇ ಕ್ಲಾಸಿನ ತನಕ ಓದಿದ ಸೊಸೆ ಆ ಮನೆಯಲ್ಲಿ ನಾನೊಬ್ಬಳೇ. ಬಸ್ಸಿನ ಬೋರ್ಡಿನಿಂದ ಹಿಡಿದು ರಸಗೊಬ್ಬರದ ಚೀಲದವರೆಗೆ ಎಲ್ಲವನ್ನೂ ಎಲ್ಲರಿಗೂ ನಾನೇ ಓದಿ ಹೇಳುತ್ತಿದ್ದೆ. ಗೊತ್ತಾಗದ ಕಡೆ ತೋಚಿದ್ದನ್ನು ಸೇರಿಸುತ್ತಿದ್ದೆ. ಯಾರೂ ಪರೀಕ್ಷೆ ಮಾಡುವವರಿರಲಿಲ್ಲ.

ಅರ್ಜಿದಾರರು ಖುದ್ದಾಗಿ ಸೇಲಂ ಆಫೀಸಿಗೆ ಬರಬೇಕೆಂದು ಹೇಳಿಕಳಿಸಿದರು. ಮದುವೆಯ ಸೀರೆ ಉಟ್ಟು ಹೊರಟೆ. ಜೊತೆಗೆ ಗಂಡ, ಅತ್ತೆ. ಅತ್ತೆಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಸೇಲಂ ನೋಡಬೇಕಾಗಿತ್ತು. ಆಫೀಸರು ಕನ್ನಡಕದ ಮೇಲಿಂದ ನೋಡಿ ತಮಿಳಿನಲ್ಲಿ ಕೇಳಿದರು.

"ನೀವು ಕುಡಿಯುತ್ತೀರೇನಮ್ಮಾ?"

ಇಂಥ ಕೆಲಸಕ್ಕೆ ಅದೊಂದು ಅರ್ಹತೆ ಇರಬೇಕು, ಇಲ್ಲವೆಂದರೆ ಲೈಸೆನ್ಸು ತಪ್ಪಿಹೋಗುತ್ತದೆ ಎಂದು ನನಗೆ ಗಾಬರಿಯಾಯಿತು. "ಇಲ್ಲ ಸಾರ್. ಆದರೆ ಬೇಗ ಕಲಿತುಕೊಳ್ಳುತ್ತೇನೆ," ಎಂದೆ.

ಆಫೀಸರು ಪೆನ್ನು ಕೆಳಗಿಟ್ಟು ನಗತೊಡಗಿದರು. ಪಕ್ಕದ ಮೇಜಿನವರೂ ನಕ್ಕರು. ನನ್ನ ಗಂಡ ಗೋಡೆ ನೋಡುತ್ತ ನಿಂತ. ಅತ್ತೆ ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿ, "ಬೇಕಾದ್ರೆ ನಾನು ಕಲಿಸ್ತೀನಿ ಅಂತ ಏಳು," ಎಂದಳು.

ಹೇಗೋ ಲೈಸೆನ್ಸು ಬಂತು. ಜೊತೆಗೆ ನಿಬಂಧನೆಗಳನ್ನು ಅಚ್ಚು ಹಾಕಿದ ಹಾಳೆಯೂ ಬಂತು. ಅದು ಆಫೀಸಿನ ತಮಿಳು, ಐದನೇ ಕ್ಲಾಸಿನ ತಮಿಳಲ್ಲ. ಆದರೂ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಕುಡಿಯುವ ಜಾಗ ಬೇರೆ ಕೋಣೆಯಾಗಿರಬೇಕು, ರಸ್ತೆಗೆ ಕಾಣಬಾರದು, ಗುಡಿ ಶಾಲೆಗಳು ಹತ್ತಿರ ಇರಬಾರದು. ಕೊನೆಗೆ ಹೆಂಗಸರ ಬಗ್ಗೆ ಒಂದು ಸಾಲಿತ್ತು. ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ.

"ಎಂಗಸ್ರು ಒಳೀಕ್ ಕಾಲಿಡಂಗಿಲ್ಲ. ಇಟ್ರೆ ಲೈಸೆನ್ಸು ಕ್ಯಾನ್ಸಲ್."

"ನಿಂದೇ ಲೈಸೆನ್ಸು," ಎಂದ ನನ್ನ ಗಂಡ.

"ರೂಲು ಅಂದ್ರೆ ರೂಲು," ಎಂದೆ. ಸರ್ಕಾರವೇ ನನ್ನ ಬಾಯಿಂದ ಮಾತಾಡಿದಂತಿತ್ತು.

ಬೇರೆ ಕೋಣೆಗೆ ಜಾಗವೆಂದರೆ ಸೌದೆ ಪೇರಿಸುತ್ತಿದ್ದ ಕೋಣೆ ಮಾತ್ರ. ಅದು ಅಡುಗೆಮನೆಗೂ ಮುಂದಿನ ಹಾಲಿಗೂ ನಡುವೆ ಇತ್ತು. ಸುಣ್ಣ ಹೊಡೆಸಿ, ಮೇಜು ಕುರ್ಚಿ ಹಾಕಿಸಿದರು. ಒಳಗೆ ಬಡಿಸುವುದು, ಸುರಿಯುವುದು, ಜಗಳ ಬಿಡಿಸುವುದು ಎಲ್ಲ ನನ್ನ ಗಂಡನದೇ. ಬಾರು ತೆರೆದ ದಿನವೇ ನನಗೆ ತಿಳಿದದ್ದು, ಅಡುಗೆಮನೆಯಿಂದ ಹಾಲಿಗೆ ಹೋಗುವ ದಾರಿ ಆ ಕೋಣೆಯ ಮೂಲಕವೇ ಎಂದು. ಅಷ್ಟು ವರ್ಷ ದಿನವೂ ಓಡಾಡಿದ ದಾರಿ, ಹಾಳೆ ಓದುವಾಗ ನೆನಪಿಗೇ ಬಂದಿರಲಿಲ್ಲ.

ಅಂದಿನಿಂದ ಹಾಲಿನಲ್ಲಿ ಕುಟುಂಬ ಸಮೇತ ಉಣ್ಣುವವರಿಗೆ ಸಾರಿನ ಪಾತ್ರೆ ಹೊತ್ತುಕೊಂಡು ನಾನು ಹಿತ್ತಲ ಬಾಗಿಲಿನಿಂದ ಇಳಿದು, ಬಾವಿಯನ್ನು ಬಳಸಿ, ಲಾರಿಗಳ ಸಂದಿಯಲ್ಲಿ ನುಸುಳಿ, ಮುಂಬಾಗಿಲಿನಿಂದ ಬರತೊಡಗಿದೆ. ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿದಾಗ ತಲೆಯ ಮೇಲೆ ಗೋಣಿಚೀಲ, ಕೈಯಲ್ಲಿ ಸಾರು. ಒಂದು ದಿನ ಒಬ್ಬ ಕ್ಲೀನರು ನನ್ನನ್ನು ಭಿಕ್ಷೆಗೆ ಬಂದವಳೆಂದು ತಿಳಿದು ಆಚೆ ಹೋಗೆಂದ. ನಾನು ಓನರಮ್ಮ ಎಂದೆ. ಅವನು ಇನ್ನೂ ಗಟ್ಟಿಯಾಗಿ ಆಚೆ ಹೋಗೆಂದ.

ಒಂದು ತಿಂಗಳಲ್ಲಿ ನನ್ನ ಗಂಡನಿಗೆ ಸಾಕಾಯಿತು. ಬಾರಿನೊಳಗೆ ತಿನ್ನಲು ಕೇಳುವವರಿಗಾದರೂ ನಾನು ಸುತ್ತಿ ಬರುವುದು ಬೇಡವೆಂದು ಅಡುಗೆಮನೆಯ ಗೋಡೆಯಲ್ಲಿ ತಟ್ಟೆ ಹಿಡಿಸುವಷ್ಟು ಕಿಂಡಿ ಕೊರೆಸಿದ. ನಾನು ಕಿಂಡಿಯಲ್ಲಿ ತಟ್ಟೆ ಇಟ್ಟರೆ ಅವನು ಆಚೆಯಿಂದ ತೆಗೆದುಕೊಳ್ಳುತ್ತಿದ್ದ. ಕೈ ಒಳಗೆ ಹೋದರೆ ರೂಲು ಮುರಿದಂತೆಯೇ ಎಂಬ ಅನುಮಾನ ನನಗಿದ್ದೇ ಇತ್ತು. ತಟ್ಟೆಯನ್ನು ಸೌಟಿನ ಹಿಡಿಯಿಂದ ಆಚೆ ತಳ್ಳುತ್ತಿದ್ದೆ.

ಕಿಂಡಿ ಬಂದ ಮೇಲೆ ಒಳಗಿನ ಮಾತೆಲ್ಲ ಕೇಳತೊಡಗಿತು. ನನ್ನ ಸಾರಿನ ಮಾತು ಯಾವಾಗ ಬರುತ್ತದೋ ಎಂದು ಒಗ್ಗರಣೆಯ ಸದ್ದನ್ನೂ ತಗ್ಗಿಸಿ ಕಾಯುತ್ತಿದ್ದೆ. ಕೊನೆಗೂ ಒಂದು ಸಂಜೆ ಬಂತು. ನಮ್ಮಲ್ಲಿ ತಪ್ಪದೆ ನಿಲ್ಲುತ್ತಿದ್ದ ದಪ್ಪ ಮೀಸೆಯ ಡ್ರೈವರೊಬ್ಬ ಇದ್ದ. ಮೇಟ್ಟೂರು ಕಡೆಯ ಕನ್ನಡದವನು. ಅವನ ಜೊತೆ ಕೂತಿದ್ದ ಹೊಸಬ ಕೇಳಿದ, "ಅಣ್ಣಾ, ಎಲ್ಲಾ ಲಾರಿನೂ ಇಲ್ಲೇ ಯಾಕ್ ನಿಲ್ತವೆ? ಸಾರು ಅಷ್ಟು ಚೆನ್ನಾಗೈತಾ?"

ನಾನು ಕಿಂಡಿಗೆ ಕಿವಿ ಹಚ್ಚಿದೆ.

"ಸಾರಾ?" ಎಂದು ಮೀಸೆಯವನು ನಕ್ಕ. "ಏರು ಅತ್ತೋ ಮುಂಚೆ ರೇಡಿಯೇಟರ್‌ಗೆ ತಣ್ಣೀರು ಬೇಕಲ್ಲಪ್ಪಾ. ಈ ಬಾವಿ ಬಿಟ್ರೆ ಇನ್ನೆಲ್ಲೂ ನೀರಿಲ್ಲ. ಇಂಜಿನ್ ಆರೋ ಗಂಟ ಏನಾದ್ರೂ ಮಾಡ್ಬೇಕು, ಅದಕ್ಕೆ ಉಣ್ತೀವಿ. ಒಂದ್ ಸುತ್ತು ಉಣಸೇಹಣ್ಣು ಕಮ್ಮಿ ಆಕಿದ್ರೆ ಬಾಯಿಗಿಡಬೋದು."

ನೆಂಟರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಕಿಂಡಿಗೆ ಬಾಯಿಟ್ಟು ಕೂಗಿದೆ.

"ನಾಳೆಯಿಂದ ರೇಡಿಯೇಟರ್‌ಗೆ ಸಾರು ಉಯ್ಕೊಳ್ಳಿ! ನಿಮಗೆ ತಟ್ಟೆ ತುಂಬ ಬಾವಿ ನೀರು ಕೊಡ್ತೀನಿ!"

ಗೋಡೆಯೇ ಮಾತಾಡಿತೆಂದು ಹೊಸಬ ಹೆದರಿ ಎದ್ದು ನಿಂತನಂತೆ. ಸ್ವಲ್ಪ ಹೊತ್ತಿಗೆ ಮೀಸೆಯವನು ಬಾವಿ ಸುತ್ತಿ ಹಿತ್ತಲಿಗೆ ಬಂದ. ಕಣ್ಣಲ್ಲಿ ನೀರು. "ಅಕ್ಕಾ, ಮನ್ನಿಚ್ಚುಡು," ಎಂದು ತಮಿಳಿನಲ್ಲಿ ಕ್ಷಮೆ ಕೇಳಿದ. ಪರವಾಗಿಲ್ಲ ಎನ್ನುವಷ್ಟರಲ್ಲಿ ಮುಂದುವರಿಸಿದ, "ಉಪ್ಪೂ ಒಂಚೂರು ಕಮ್ಮಿ ಮಾಡಕ್ಕಾ."

ಆ ಗಾಯ ಆರುವ ಮುಂಚೆಯೇ ಆಫೀಸರು ತಪಾಸಣೆಗೆ ಬಂದರು. ಸೇಲಂನಲ್ಲಿ ನನ್ನನ್ನು ನೋಡಿ ನಕ್ಕಿದ್ದವರೇ. ಮಧ್ಯಾಹ್ನದ ಹೊತ್ತು, ಬಾರಿನಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ ಎಂದುಕೊಂಡಿದ್ದೆ. ಅವರು ಒಳಗೆ ಹೋಗುತ್ತಲೇ ಅವರ ದನಿ ಏರಿತು. ಕಿಂಡಿಯಲ್ಲಿ ನೋಡಿದೆ. ಮೂಲೆಯ ಕುರ್ಚಿಯಲ್ಲಿ ನನ್ನ ಅತ್ತೆ ಕಾಲು ಮಡಚಿ ಕೂತಿದ್ದಳು. ಮುಂದೆ ಒಂದು ಲೋಟ.

"ಹೆಂಗಸರನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಗೊತ್ತಿಲ್ಲವೇ?" ಎಂದು ಆಫೀಸರು ನನ್ನ ಗಂಡನನ್ನು ಗದರುತ್ತಿದ್ದರು.

ಅತ್ತೆಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಆದರೂ ಕೋಪ ಬಂದಾಗ ಕನ್ನಡವೇ. "ಕೆಲ್ಸ? ಯಾರು ಕೆಲ್ಸ ಮಾಡ್ತಾವ್ರೆ? ನಂಗೇನ್ ಕೂಲಿ ಕೊಡ್ತಾರಾ? ನಾನು ಗಿರಾಕಿ!"

ನನ್ನ ಗಂಡ ಅದನ್ನು ತಮಿಳಿಗೆ ತಿರುಗಿಸಿ ಹೇಳಬೇಕಾಯಿತು. ತಾಯಿಯ ಪರವಾಗಿ ಅಷ್ಟು ಕಷ್ಟಪಟ್ಟು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಹೆಂಗಸು ಗಿರಾಕಿಯಾಗಿ ಬರಬಾರದೆಂದು ಎಲ್ಲೂ ಬರೆದಿಲ್ಲ ಎಂದು ಆಫೀಸರು ತಾವೇ ಒಪ್ಪಿಕೊಂಡರು. ಆಮೇಲೆ ಲೈಸೆನ್ಸಿನವರು ಎಲ್ಲಿ ಎಂದು ಕೇಳಿದರು.

ನಾನು ಎಂದಿನಂತೆ ಹಿತ್ತಲಿಳಿದು, ಬಾವಿ ಬಳಸಿ, ಏದುಸಿರು ಬಿಡುತ್ತ ಮುಂಬಾಗಿಲಿನಿಂದ ಹಾಲಿಗೆ ಬಂದು ಬಾರಿನ ಹೊಸ್ತಿಲಾಚೆಯೇ ನಿಂತೆ.

"ಪಕ್ಕದಲ್ಲೇ ಇದ್ದೀರಲ್ಲ, ಯಾಕೆ ಊರೆಲ್ಲ ಸುತ್ತಿ ಬಂದಿರಿ?" ಎಂದು ಕೇಳಿದರು.

"ರೂಲು ಸಾರ್. ಹೆಂಗಸರು ಒಳಗೆ ಕಾಲಿಡುವ ಹಾಗಿಲ್ಲ."

ಆಫೀಸರು ಪೂರ್ತಿ ವಿಷಯ ಕೇಳಿ, ಗೋಡೆಯ ಕಿಂಡಿಯನ್ನೂ ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಮ್ಮಾ, ಹೆಂಗಸರನ್ನು ಕೂಲಿಗೆ ಇಟ್ಟು ಬಡಿಸಬಾರದು ಅಂತ ಇರೋದು. ನೀವು ಮಾಲೀಕರು. ನೀವು ಬಂದು ನೋಡಿಕೊಳ್ಳಲೇಬೇಕು. ಕಾಲಿಡಬಾರದು ಅಂತ ಹೇಳಿದ್ದು ಯಾರು?"

ಅತ್ತೆ ಲೋಟ ಕೆಳಗಿಟ್ಟು ನನ್ನ ಕಡೆ ಬೆರಳು ತೋರಿಸಿದಳು. "ಅಂಜಾಂ ಕ್ಲಾಸು," ಎಂದಳು.

ಎಷ್ಟು ದಿನದಿಂದ ಅಲ್ಲಿ ಕೂರುತ್ತಿದ್ದೀಯೆಂದು ಆಮೇಲೆ ಕೇಳಿದೆ. ಬಾರು ತೆರೆದ ವಾರದಿಂದಲೇ ಅಂತೆ. ನಾನು ಮಳೆಯಲ್ಲಿ ನೆನೆದು ಬಾವಿ ಸುತ್ತುವುದನ್ನು ಅಲ್ಲಿಯ ಕಿಟಕಿಯಿಂದಲೇ ನೋಡುತ್ತಿದ್ದಳಂತೆ. "ನಂಗೂ ಒಂದ್ ಮಾತ್ ಏಳ್ಬೇಕಲ್ಲ ಅತ್ತೆ," ಎಂದೆ. "ಏಳಿದ್ರೆ ನೀನು ನನ್ನೂ ಆಚಿಕ್ ಅಟ್ತಿದ್ದೆ," ಎಂದಳು. ಅದು ನಿಜವೇ.

ಮಾರನೆಯ ದಿನ ತಲೆ ಬಾಚಿ, ಹೂ ಮುಡಿದು ನನ್ನ ಬಾರಿನೊಳಕ್ಕೆ ಹೋದೆ. ಡ್ರೈವರುಗಳು ಲೋಟಗಳನ್ನು ಮೇಜಿನ ಕೆಳಗಿಟ್ಟು ಎದ್ದು ನಿಂತರು. ಒಬ್ಬ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸುಟ್ಟುಕೊಂಡ. ನಾನು ಕೂತಷ್ಟು ಹೊತ್ತು ಯಾರೂ ಕುಡಿಯಲಿಲ್ಲ. ಮಕ್ಕಳ ಓದು, ಊರಿನ ಮಳೆ ಎಂದು ಮರ್ಯಾದೆಯ ಮಾತಾಡಿ ಒಬ್ಬೊಬ್ಬರೇ ಹೊರಟರು. ಎರಡು ಮೂರು ದಿನ ಹೀಗೇ ಆದ ಮೇಲೆ ನನ್ನ ಗಂಡ ಕೈಮುಗಿದ.

"ನೀನು ಒಳೀಕ್ ಬಂದ್ರೆ ಯಾಪಾರ ಓಯ್ತದೆ. ಕಿಂಡಿ ಅತ್ರನೇ ಇರು ತಾಯಿ."

ಹಾಗಾಗಿ ರೂಲಿಲ್ಲದೆಯೂ ಹೊರಗೇ ಉಳಿದೆ. ಹುಣಸೆಹಣ್ಣು ಕಡಿಮೆ ಮಾಡಿದೆ. ಉಪ್ಪನ್ನು ಮಾತ್ರ ಹಟಕ್ಕೆ ಅಷ್ಟೇ ಬಿಟ್ಟೆ.

ಎಲ್ಲ ಸೇರಿ ಎರಡು ಮೂರು ವರ್ಷ ನಡೆದಿರಬಹುದು. ಸರ್ಕಾರ ಮತ್ತೆ ನಿಷೇಧ ತಂದಿತು. ನನ್ನ ಗಂಡ ಬೋರ್ಡು ಇಳಿಸಿ, ಮಿಕ್ಕ ಬಾಟಲಿಗಳನ್ನು ಸೇಲಂ ಆಫೀಸಿಗೆ ಒಪ್ಪಿಸಿ ಬಂದು, ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ನನಗೆ ಒಳಗೊಳಗೇ ಹಗುರವಾಯಿತು. ಎಲ್ಲರಿಗಿಂತ ಹೆಚ್ಚು ಕಂಗೆಟ್ಟವಳು ಅತ್ತೆ. ಕಾಯಿಲೆಯವರಿಗೆ ಡಾಕ್ಟರು ಬರೆದುಕೊಟ್ಟರೆ ಬ್ರಾಂದಿಗೆ ಪರ್ಮಿಟ್ಟು ಸಿಗುತ್ತದೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅಂದಿನಿಂದ ಅವಳು ಕೆಮ್ಮತೊಡಗಿದಳು. ಕಡೆಗೆ ಸೇಲಂ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.

ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, "ಮನೆಯಲ್ಲಿ ನಡೆದಾಡುತ್ತಾರಾ?" ಎಂದು ನನ್ನನ್ನು ಕೇಳಿದರು. ವಿದ್ಯಾವಂತೆಯ ಹಾಗೆ ಸ್ಪಷ್ಟವಾಗಿ ಉತ್ತರಿಸಬೇಕೆಂದು ನನಗೆ ಹುರುಪು ಬಂತು. "ದಿನಾ ಕುರಿ ಹೊಡೆದುಕೊಂಡು ಗುಡ್ಡ ಹತ್ತಿ ಇಳಿಯುತ್ತಾರೆ ಸಾರ್. ನಮಗೇ ಅವರ ಜೊತೆ ನಡೆಯೋಕೆ ಆಗೋದಿಲ್ಲ," ಎಂದೆ.

ಡಾಕ್ಟರು ಅವಳ ಬೆನ್ನು ತಟ್ಟಿ, ಇಪ್ಪತ್ತರ ಹುಡುಗಿಯ ಹಾಗಿದ್ದೀರಿ ಎಂದು ಹೊಗಳಿ ಕಳಿಸಿದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆಯ ಸೀಟು ಹಿಡಿದು, ನನಗೆ ಬೆನ್ನು ಹಾಕಿ ಕೂತಳು. ನಮ್ಮ ಸ್ಟಾಪು ಬಂದಾಗ ಇಳಿದವಳೇ ನನಗೆ ಕಾಯದೆ ಸರಸರನೆ ನಡೆದುಬಿಟ್ಟಳು. ಓಡಿದರೂ ನನಗೆ ಅವಳು ಸಿಗಲಿಲ್ಲ.