ಛೀಥೂ ಅಮ್ಮನ ಶುಚಿಯಾದ ಬೆಕ್ಕು

ಬೀದಿಯವರು ಅವಳಿಗೆ ಛೀಥೂ ಅಮ್ಮ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಮೊದಲ ‘ಛೀ’ ಚರಂಡಿಗೆ, ಮೊದಲ ‘ಥೂ’ ಬಚ್ಚಲಲ್ಲಿ ಕ್ಯಾಕರಿಸುವ ಗಂಡನಿಗೆ. ಇಂಥವಳು ಹೊಟ್ಟೆಪಾಡಿಗೆ ಮೇಕೆ ಸಾಕಿದ್ದೇ ತಮಾಷೆ. ಮೇಕೆ ಹಾಲು ಮಾರಿ ಸಂಸಾರ ತೂಗಿಸಿದಳು, ಮಗಳನ್ನು ಓದಿಸಿದಳು. ಆದರೆ ಮೂಗಿಗೆ ಬಟ್ಟೆ ಕಟ್ಟದೆ ಒಂದು ದಿನವೂ ಕೊಟ್ಟಿಗೆಗೆ ಕಾಲಿಡಲಿಲ್ಲ.

ಅವಳಿಗೆ ಹೇಸಿಗೆ ಎನಿಸದ ಜೀವ ಲೋಕದಲ್ಲಿ ಒಂದೇ: ಇಲಿ ಕಾಟಕ್ಕೆಂದು ತಂದ ಬೂದು ಬೆಕ್ಕು. ಅದು ಅಂಗಳದ ಮಣ್ಣಿನಲ್ಲಿ ಕೂತೆದ್ದು, ಕಾಲಿನಿಂದ ಕೆರೆದು ತನ್ನ ಗಲೀಜನ್ನು ತಾನೇ ಮುಚ್ಚುವುದನ್ನು ಕಂಡ ದಿನ ಗಂಡನನ್ನು ಕೂಗಿ ಕರೆದಳು.

“ರೀ, ಬನ್ನಿ ಇಲ್ಲಿ. ನೋಡಿ ಕಲ್ತ್ಕೊಳ್ಳಿ. ಮೂಕಪ್ರಾಣಿಗಿರೋ ನಾಚಿಕೆ ನಿಮಗಿಲ್ವಲ್ಲ!”

“ನಾನೂ ಕೆರೆದು ಮುಚ್ಚಲಾ?” ಎಂದ ಗಂಡನಿಗೆ ಅವತ್ತು ಊಟ ತಡವಾಗಿ ಸಿಕ್ಕಿತು.

ಮುಂದೆ, ಮಣ್ಣು ಕಾಲಿಗೆ ಮೆತ್ತುತ್ತದೆಂದು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದಳು. ಅಷ್ಟರಲ್ಲಿ ಬೆಕ್ಕು ಮರಿ ಹಾಕಿತ್ತು. ತಾಯಿಯದಾಗಲಿ ಮರಿಗಳದಾಗಲಿ ಗಲೀಜು ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ. ಎಂಥ ವಂಶ ಎಂದು ಅವಳು ಹಿರಿಹಿರಿ ಹಿಗ್ಗಿದಳು.

ಅದೇ ಹೊತ್ತಿಗೆ ಮಗಳು ತವರಿಗೆ ಬಂದಳು, ಚೊಚ್ಚಲ ಬಸುರಿ. ಸುಮ್ಮನೆ ಕೂತು ಬೇಜಾರು, ಏನಾದರೂ ಕೆಲಸ ಕೊಡು ಎಂದು ಪೀಡಿಸಿದಳು.

“ಹಿಕ್ಕೆ ಗುಡಿಸೋದು ಬೇಡ, ಹಾಲು ಕರೆಯೋದೂ ಬೇಡ, ಅಸಹ್ಯ. ಬೇಕಾದ್ರೆ ಬೂಸಾ ಹಾಕು. ಅಲ್ಲಿ ಚೊಕ್ಕಟವಾಗಿರೋದು ಅದೊಂದೇ ಕಣೇ.”

ಮಗಳು ದಿನವೂ ಕೊಟ್ಟಿಗೆಯ ಮರದ ಪೆಟ್ಟಿಗೆಗೆ ಮೊಳಕೈವರೆಗೆ ಕೈ ಇಳಿಸಿ ಬೂಸಾ ಬಾಚಿ ಹಾಕತೊಡಗಿದಳು.

ತಿಂಗಳು ಕಳೆದಿರಬೇಕು, ಗಬ್ಬದ ಮೇಕೆಗಳು ಕಂದು ಹಾಕತೊಡಗಿದವು. ಮೊದಲನೆಯದು ಕೂದಲೂ ಬಾರದ ಮರಿಯನ್ನು ಕೆಡವಿತು. ಮಾರನೆಯ ದಿನ ಇನ್ನೊಂದು ಮೇಕೆ ಜೋಡಿ ಮರಿ ಹಾಕಿತು. ಒಂದು ಆಗಷ್ಟೇ ಸತ್ತದ್ದು. ಮತ್ತೊಂದು ಎಂದೋ ಒಳಗೇ ಸತ್ತು, ಒಣಗಿ, ಹಳೆ ಚಪ್ಪಲಿಯಂತೆ ಮುರುಟಿಕೊಂಡದ್ದು. ಜೊತೆಗೆ ಬಿದ್ದ ಮಾಸಿನ ಕೆಂಪು ಗಂಟುಗಳ ಮೇಲೆಲ್ಲ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆ. ಛೀಥೂ ಅಮ್ಮ ಗೋಡೆ ಹಿಡಿದು ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡಳು.

ದನದ ಡಾಕ್ಟರಮ್ಮ ಬಂದರು. ಕೈಗವಸು ಹಾಕಿಕೊಂಡು ಆ ಮಾಸನ್ನು ತಿರುವಿ ಮುರುವಿ ನೋಡಿ, ಪರೀಕ್ಷೆಗೆಂದು ಡಬ್ಬಿಗೆ ತುಂಬಿಕೊಂಡರು. ಕೊಟ್ಟಿಗೆಯಲ್ಲಿ ಆಡುತ್ತಿದ್ದ ಬೆಕ್ಕಿನ ಮರಿಗಳ ಮೇಲೆ ಅವರ ಕಣ್ಣು ಬಿತ್ತು.

“ಇವು ಎಲ್ಲಿಗೆ ಹೋಗ್ತವಮ್ಮ, ಗಲೀಜು ಮಾಡೋಕೆ?”

“ಯಾರಿಗೆ ಗೊತ್ತು! ಎಲ್ಲೂ ಕಾಣಿಸಲ್ಲ ನೋಡಿ, ಅಷ್ಟು ಶುಚಿ.”

ಡಾಕ್ಟರಮ್ಮ ಸಿಮೆಂಟಿನ ಅಂಗಳವನ್ನೊಮ್ಮೆ ನೋಡಿ, ಬೂಸಾ ಪೆಟ್ಟಿಗೆಗೆ ಕೈ ಹಾಕಿ ತಳದಿಂದ ಒಂದು ಬೊಗಸೆ ಎತ್ತಿದರು. ಬೂಸಾ ಬೆರಳ ಸಂದಿಯಿಂದ ಉದುರಿತು. ಒಣಗಿದ್ದು, ಹಸಿಯದ್ದು, ಕಪ್ಪಗಿನ ಉಂಡೆಗಳು ಅಂಗೈಯಲ್ಲಿ ಉಳಿದವು. ಗಬ್ಬುನಾತ ಗಪ್ಪನೆ ಮೂಗಿಗೆ ಬಡಿಯಿತು.

“ಬೆಕ್ಕಿನ ಗಲೀಜಲ್ಲಿ ಕಣ್ಣಿಗೆ ಕಾಣದ ಪರೋಪಜೀವಿ ಇರುತ್ತಮ್ಮ. ಮರಿಬೆಕ್ಕುಗಳಿಂದಲೇ ಜಾಸ್ತಿ. ಮೇವಿನ ಜೊತೆ ಹೊಟ್ಟೆ ಸೇರಿದ್ರೆ ಮೇಕೆ, ಕುರಿ ಕಂದು ಹಾಕ್ತವೆ. ನನಗೆ ಅದರದೇ ಅನುಮಾನ.” ಆಮೇಲೆ ಮಗಳ ಹೊಟ್ಟೆಯತ್ತ ನೋಡಿದರು. “ದಿನಾ ಬೂಸಾ ಹಾಕೋರು ಯಾರು?”

ಮಗಳು ಬೂಸಾ ಮೆತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಮನುಷ್ಯರಿಗೂ ಬರುತ್ತೆ. ಬಸುರಿಯರಿಗೆ ಹೊಸದಾಗಿ ಬಂದ್ರೆ ಕೂಸಿಗೆ ಅಪಾಯ. ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.”

ಫಲಿತಾಂಶ ಬರುವವರೆಗೆ ಛೀಥೂ ಅಮ್ಮನಿಗೆ ತುತ್ತು ಇಳಿಯಲಿಲ್ಲ. ಗಂಡ ಪೆಟ್ಟಿಗೆಯನ್ನು ಸುಟ್ಟರೂ ನಾತ ಮೂಗಿನಲ್ಲೇ ಇತ್ತು. ಮಗಳು ಹೊಟ್ಟೆ ಸವರಿಕೊಂಡಾಗಲೆಲ್ಲ ಆ ಮುರುಟಿದ ಮರಿ ಕಣ್ಣಮುಂದೆ ಬರುತ್ತಿತ್ತು. ಆ ಕೆಲಸ ಕೊಟ್ಟವಳು ತಾನೇ. ಸಿಪ್ಪೆ ಏಳುವಷ್ಟು ಕೈ ತೊಳೆದಳು. ಆದರೂ ತನ್ನ ಕೈಯೇ ತನಗೆ ಹೇಸಿಗೆ.

ಆಸ್ಪತ್ರೆಯ ವೈದ್ಯರು ಚೀಟಿ ನೋಡಿ ಹೇಳಿದರು: “ಈ ಸೋಂಕು ಇವರಿಗೆ ಈಗ ಬಂದದ್ದಲ್ಲ. ಬಹಳ ಹಿಂದೆ, ಬಹುಶಃ ಚಿಕ್ಕಂದಿನಲ್ಲೇ ಬಂದುಹೋಗಿದೆ. ಮೈಯಲ್ಲಿ ತಡೆಯೋ ಶಕ್ತಿ ಇದೆ. ಕೂಸಿನ ಬಗ್ಗೆ ಹೆದರಬೇಡಿ. ಆದ್ರೂ ಕೊಟ್ಟಿಗೆ ಕಡೆ ಸುಳೀಬೇಡಿ.”

ಹೊರಗೆ ಬಂದು ಮಗಳು ನಗುತ್ತ ಕಣ್ಣೊರೆಸಿಕೊಂಡಳು. “ಬೀದಿ ಬೆಕ್ಕಿನ ಮರಿಗಳ ಜೊತೆ ಮಣ್ಣಾಡ್ತೀನಿ ಅಂತ ಎಷ್ಟು ಬಡೀತಿದ್ದೆ, ನೆನಪಿದೆಯಾ ಅಮ್ಮ? ಸೋಪು ಹಾಕಿ ನನ್ನ ನಾಲಿಗೆ ಕೂಡ ಉಜ್ಜಿದ್ದೆ! ಪುಣ್ಯಕ್ಕೆ ಸರಿಯಾಗಿ ಉಜ್ಜಿರಲಿಲ್ಲ.”

ತಾಯಿಗೆ ನಗು ಬರಲಿಲ್ಲ.

ಮನೆಗೆ ಬಂದಾಗ ಬೂದು ಬೆಕ್ಕು ಅಂಗಳದ ನಡುವೆ ಕೂತೆದ್ದು, ಬರಿ ಸಿಮೆಂಟನ್ನು ಪರಪರ ಕೆರೆಯುತ್ತಿತ್ತು. ಏನೂ ಮುಚ್ಚಲಿಲ್ಲ. ತಿರುಗಿ ಮೂಸಿ ನೋಡಿ ಮತ್ತೆ ಕೆರೆಯಿತು. ಛೀಥೂ ಅಮ್ಮನ ಗಂಟಲಲ್ಲಿ ಥೂ ಎಂಬುದು ಎದ್ದುಬಂತು. ಅದನ್ನು ಯಾರ ಮುಖಕ್ಕೆ ಹೇಳಬೇಕೆಂದು ತಿಳಿಯದೆ ನುಂಗಿಕೊಂಡಳು.

“ರೀ,” ಎಂದು ಕೂಗಿದಳು, “ಒಂದು ಬುಟ್ಟಿ ಮಣ್ಣು ತನ್ನಿ.”